ಹತ್ತನೇ ಕ್ಲಾಸಿನ ಒಳಚಪ್ಪಲಿ

ನಲವತ್ತೈದು ದಾಟಿದ ಹೆಂಗಸು ಮೆಟ್ಟಿಲು ಹತ್ತಿದಳೆಂದರೆ ಅಂಗಡಿಯವನ ದನಿಯೇ ಬದಲಾಗುತ್ತದೆ. ಸೀರೆ ಅಂಗಡಿಯಾದರೆ ಆತ ನಮ್ಮ ಮುಖವನ್ನೊಮ್ಮೆ ನೋಡಿ, ಒಳಗೆ ತಿರುಗಿ, "ಲೈಟ್ ಕಲರ್ ತೆಗಿ" ಎಂದು ತೀರ್ಪು ಕೊಡುತ್ತಾನೆ. ಅಂದಿನಿಂದ ನಾವು ಬೂದಿ, ನೀರು ಕಾಫಿ, ಒಣಗಿದ ಬಾಳೆಲೆ ಎಂಬ ಮೂರು ಬಣ್ಣಗಳ ಪ್ರಜೆಗಳು. ಚಪ್ಪಲಿ ಅಂಗಡಿಯಲ್ಲಿ ನಮಗಾಗಿ ಬೇರೆಯೇ ಕಪಾಟು ಇರುತ್ತದೆ. ಅದರಲ್ಲಿರುವುದು ಸ್ಟೈಲೂ ಹೌದು, ಕಂಫರ್ಟೂ ಹೌದು ಎಂದು ಹೇಳುತ್ತಾರೆ. ಈ ಎರಡೂ ಒಂದೇ ಜೊತೆ ಚಪ್ಪಲಿಯಲ್ಲಿ ಸಂಸಾರ ಹೂಡಿದ್ದನ್ನು ನಾನು ಕಂಡಿಲ್ಲ. ಕಂಡೆವು ಎನ್ನುವವರನ್ನು ಕಂಡಿದ್ದೇನೆ, ಅವರು ಕುಂಟುತ್ತಿದ್ದರು.

ನಮ್ಮ ಕಡೆಯ ಹೆಂಗಸರು ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಂಡ ಸುಖದ ಉಡುಪು ಒಂದೇ, ನೈಟಿ. ರಾತ್ರಿಯ ಉಡುಪೆಂದು ಹೆಸರೇ ಹೇಳಿದರೂ ಕುಂದಾಪುರದಲ್ಲಿ ಅದರ ಕಾರುಬಾರು ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ. ಮೇಲೊಂದು ಬೈರಾಸು ಹೊದ್ದುಕೊಂಡರೆ ಮರ್ಯಾದೆ ಪೂರ್ತಿಯಾಯಿತು ಎಂದು ಯಾರೋ ಯಾವಾಗಲೋ ತೀರ್ಮಾನಿಸಿದ್ದಾರೆ. ಮೈ ಒರೆಸುವ ಬಟ್ಟೆಗೆ ಮಾನ ಕಾಯುವ ಅಧಿಕಾರ ಕೊಟ್ಟ ಊರು ನಮ್ಮದು. ಗೇಟಿನ ಬಳಿ ಮೀನಿನವಳ ಜೊತೆ ಬಂಗುಡೆಯ ಕಣ್ಣು ಕೆಂಪಾಗಿದೆಯೋ ಇಲ್ಲವೋ ಎಂದು ವಾದಿಸುವಾಗ ಬೈರಾಸು ಹೆಗಲಿನಿಂದ ಜಾರಿದರೂ ಮರ್ಯಾದೆ ಜಾರುವುದಿಲ್ಲ. ಈ ಏರ್ಪಾಡಿನ ಮೇಲೆ ನನಗೆ ಯಾವ ಗೌರವವೂ ಇಲ್ಲ. ಶಾಲೆಗೆ ಸೀರೆಯುಟ್ಟೇ ಹೋಗಬೇಕಾದವಳ ಹೊಟ್ಟೆಕಿಚ್ಚು ಇದರಲ್ಲಿ ಇಲ್ಲವೆಂದು ಮಾತ್ರ ಪ್ರಮಾಣ ಮಾಡಲಾರೆ.

ಆಗ ನಾನು ಹೆಮ್ಮಾಡಿ ದಾಟಿ ಬೈಂದೂರಿನ ಕಡೆ ಹೋಗುವ ದಾರಿಯಲ್ಲಿದ್ದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಕುಂದಾಪುರದಲ್ಲಿ. ದಿನಕ್ಕೆ ಐದು ಪೀರಿಯಡ್, ಅಷ್ಟೂ ನಿಂತು. ಗಣಿತವನ್ನು ಕೂತು ಕಲಿಸಬಹುದೆಂದು ನಂಬುವವರು ಇದ್ದಾರೆ. ದಡದಲ್ಲಿ ಕೂತು ಈಜು ಕಲಿಸುವವರೂ ಇದ್ದಾರೆ. ಎರಡು ಸಾವಿರದ ಐದರ ಮಳೆಗಾಲದಲ್ಲಿ ನನ್ನ ಬಲಗಾಲಿನ ಹಿಮ್ಮಡಿ ಮುಷ್ಕರ ಹೂಡಿತು. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಅಡಿಯಿಂದ ಯಾರೋ ಮೊಳೆ ಹೊಡೆದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಮೊಳೆಯ ಜೊತೆ ಸುತ್ತಿಗೆಯೂ ಒಳಗೆ ಹೋದ ಹಾಗೆ.

ಡಾಕ್ಟರರ ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡು. ಬಿಟ್ಟೆ. ತಣ್ಣಗಿನ ಮೊಸಾಯಿಕ್ ನೆಲದ ಮೇಲೆ ಮುಕ್ಕಾಲು ಗಂಟೆ ನಿಂತ ಮೇಲೆ ಒಳಗೆ ಕರೆದರು. ಅವರು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ನಾನು ಕಿರುಚಿದ್ದನ್ನು ಕೇಳಿ ಸಂತುಷ್ಟರಾದರು.

"ಟೀಚರೇ, ಇನ್ಮೇಲೆ ಬರಿಗಾಲಂಗೆ ಒಂದ್ ಹೆಜ್ಜೆ ಇಡುಕಾಗ. ಮನಿ ಒಳ್ಗೂ ಇಲ್ಲೆ, ಶಾಲಿ ಒಳ್ಗೂ ಇಲ್ಲೆ. ಮೆತ್ತನ್ ಚಪ್ಲಿ ಹಾಕಣಿ."

"ಇಲ್ಲ್, ನಿಮ್ ಕ್ಲಿನಿಕ್ಕಿನ್ ಒಳ್ಗ್?"

"ಇಲ್ಲ್ ಮಾತ್ರ ಬ್ಯಾಡ. ನೆಲ ಒರ್ಸುದ್ ಯಾರ್?"

ಚಪ್ಪಲಿ ಆರಿಸಲು ಬ್ರಹ್ಮಾವರದಿಂದ ಅಕ್ಕ ಬಂದಳು. ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ಮನೆತನದಲ್ಲಿ ಉಡುಗೆ ತೊಡುಗೆಯ ವಿಷಯದಲ್ಲಿ ಕೊನೆಯ ಮಾತು ಅವಳದು. ಆ ಅಧಿಕಾರವನ್ನು ಯಾರೂ ಕೊಟ್ಟದ್ದಲ್ಲ, ಅವಳೇ ಸಣ್ಣ ವಯಸ್ಸಿನಲ್ಲಿ ತೆಗೆದುಕೊಂಡದ್ದು. ಕುಂದಾಪುರದ ಹೊಸ ಚಪ್ಪಲಿ ಅಂಗಡಿಯ ಬಾಗಿಲಲ್ಲಿ ಇಬ್ಬರೂ ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟೆವು. ಅಂಗಡಿಯವನು ಓಡಿ ಬಂದ.

"ಅಮ್ಮ, ಹಾಕ್ಕಂಡೇ ಬನಿ! ಇದ್ ಚಪ್ಲಿ ಅಂಗ್ಡಿ."

"ಗೊತ್ತಿತ್ತ್ ಮಾರಾಯಾ. ನೆಲ ಹೊಳಿತಿತ್ತಲ್ದಾ, ಹಾಂಗಾಯಿ ಬಿಟ್ದ್" ಎಂದಳು ಅಕ್ಕ, ತಪ್ಪು ನೆಲದ್ದೆಂಬ ಹಾಗೆ.

ಆತ ಮೊದಲು ತೋರಿಸಿದ್ದು ಬೇಕರಿಯ ಎರಡು ಕಪ್ಪು ಬ್ರೆಡ್ಡಿಗೆ ಪಟ್ಟಿ ಹೊಲಿದಂಥದ್ದು. ಮೆತ್ತಗಿತ್ತು. ಅದನ್ನು ಹಾಕಿಕೊಂಡು ನಡೆದರೆ ಹಿಂದಿನಿಂದ ಯಾರಾದರೂ "ಆಪರೇಷನ್ ಯಾವಾಗ?" ಎಂದು ಕೇಳುವುದು ಖಂಡಿತವಿತ್ತು. ಎರಡನೆಯದಕ್ಕೆ ಚಿನ್ನದ ಬಣ್ಣ, ಪೆನ್ಸಿಲಿನಷ್ಟು ಸಪೂರದ ಹಿಮ್ಮಡಿ. ಅದನ್ನು ಮಾಡಿದವನು ಹೆಂಗಸಿನ ಕಾಲನ್ನು ಚಿತ್ರದಲ್ಲಿ ಮಾತ್ರ ಕಂಡವನು. ಮೂರನೆಯದನ್ನು ಆತ ಎರಡೂ ಕೈಯಲ್ಲಿ ನೈವೇದ್ಯದ ಹಾಗೆ ಹಿಡಿದು ತಂದ. ಅದೇ ಬ್ರೆಡ್ಡು, ಮೇಲೊಂದು ಚಿನ್ನದ ಹೂವು ಅಂಟಿಸಿತ್ತು.

"ಇದ್ ಕಾಣಿ ಅಮ್ಮ, ನಿಮ್ ಏಜಿನರಿಗೇ ಮಾಡದ್ದ್. ಸ್ಟೈಲೂ ಆಯ್ತ್, ಕಂಫರ್ಟೂ ಆಯ್ತ್."

"ನನ್ ಏಜ್ ನಿಂಗ್ ಹ್ಯಾಂಗ್ ಗೊತ್ತಾಯ್ತ್?"

ಆತ ಹೂವಿನ ಧೂಳು ಒರೆಸತೊಡಗಿದ. ಅಕ್ಕ ಮಧ್ಯೆ ಬಂದಳು. "ಹೆಣೆ, ಸುಮ್ನೆ ತಕೋ. ಮೇಲ್ ಹೂಗ್ ಇದ್ರೆ ಕಾಲ್ ನೋವ್ ಯಾರಿಗೂ ಕಾಂತಿಲ್ಲೆ."

ತೆಗೆದುಕೊಂಡೆ. ಮನೆಗೆ ಬಂದ ಕೂಡಲೇ ಹೂವನ್ನು ಬ್ಲೇಡಿನಿಂದ ಕುಯ್ದೆ. ಗೋಂದಿನ ಕಲೆ ಉಳಿಯಿತು. ಸ್ಟೈಲು ಎನ್ನುವುದು ಹೋದ ಮೇಲೂ ಕಲೆ ಬಿಟ್ಟು ಹೋಗುವ ಪದಾರ್ಥ.

ಕಷ್ಟ ಶುರುವಾದದ್ದು ಶಾಲೆಯಲ್ಲಿ. ನಮ್ಮ ಶಾಲೆಯ ತರಗತಿಯೊಳಗೆ ಚಪ್ಪಲಿ ನಿಷಿದ್ಧ. ಸ್ಥಾಪಕರ ಕಾಲದ ನಿಯಮ: ವಿದ್ಯೆ ದೇವರು, ತರಗತಿ ಗುಡಿ. ಆ ಗುಡಿಯ ಹಿಂದಿನ ಬೆಂಚಿನಲ್ಲಿ ನಡೆಯುವ ಪೂಜೆಗಳನ್ನು ಬಲ್ಲ ನಾನು ಈ ಮಾತನ್ನು ನಂಬಿದವಳಲ್ಲ. ಆದರೆ ಪಾಲಿಸಿದವಳು, ಪಾಲಿಸಿದ್ದು ಮಾತ್ರವಲ್ಲ, ಇಪ್ಪತ್ತು ವರ್ಷ ಮಕ್ಕಳ ಮೇಲೆ ಹೇರಿದವಳೂ ನಾನೇ. ಮರೆತು ಚಪ್ಪಲಿ ಮೆಟ್ಟಿ ಒಳಗೆ ಬಂದ ಎಷ್ಟೋ ಹುಡುಗರನ್ನು ಜಗಲಿಯಲ್ಲಿ ನಿಲ್ಲಿಸಿದ್ದೇನೆ. ಈಗ ಬಾಗಿಲಲ್ಲಿ ನಿಂತು ನಾನೇನು ಹೇಳಬೇಕಿತ್ತು?

ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳಿಗೆ ಅದೊಂದು ಸಮಸ್ಯೆಯೇ ಅಲ್ಲ.

"ಸೀರಿ ಎರ್ಡ್ ಬೆರಳ್ ಕೆಳ್ಗ್ ಉಡ್. ಚಪ್ಲಿ ಯಾರ್ ಕಾಂತ್ರ್? ಈಗ ನೆಲ ತಾಗುಹಾಂಗ್ ಉಡುದೇ ಫ್ಯಾಷನ್ ಹೆಣೆ."

ಹಾಗೆ, ನಲವತ್ತೆಂಟನೆಯ ವಯಸ್ಸಿನಲ್ಲಿ, ಕಳ್ಳತನಕ್ಕೆಂದು ನಾನು ಫ್ಯಾಷನ್ನಿಗೆ ಇಳಿದೆ. ಬಸ್ಸಿನ ಮೆಟ್ಟಿಲು, ಅಂಗಳದ ಕೆಸರು, ಸೀಮೆಸುಣ್ಣದ ಪುಡಿ, ಇವೆಲ್ಲದರ ಮಾದರಿಗಳನ್ನು ನನ್ನ ಸೀರೆಯ ಅಂಚು ದಿನಾ ಸಂಗ್ರಹಿಸುತ್ತಿತ್ತು. ಶಿರೂರಿನಿಂದ ಬರುತ್ತಿದ್ದ ಹಿಂದಿ ಟೀಚರು ನಾಲ್ಕನೇ ದಿನ, "ಟೀಚರೇ, ಈಗೀಗ ನಿಮ್ ಸೀರಿ ಉಡುದ್ ಲಾಯ್ಕ್ ಆಯ್ತ್ ಕಾಣಿ" ಎಂದರು. ಮರುವಾರ ಅವರ ಸೀರೆಯೂ ಎರಡು ಬೆರಳು ಇಳಿಯಿತು. ಒಬ್ಬಳ ಕಾಲುನೋವು ಇನ್ನೊಬ್ಬಳ ಅಲಂಕಾರವಾಗುವುದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಕಳ್ಳತನ ಒಂಬತ್ತು ದಿನ ನಡೆಯಿತು. ಹತ್ತನೇ ದಿನ, ಹತ್ತನೇ ತರಗತಿಯಲ್ಲಿ, ಬೋರ್ಡಿನೆದುರಿನ ಕಟ್ಟೆ ಹತ್ತುವಾಗ ಸೀರೆಯ ಅಂಚು ಚಪ್ಪಲಿಯಡಿ ಸಿಕ್ಕಿ ನಾನು ಮೊಣಕಾಲೂರಿ ಬಿದ್ದೆ. ಎಡಗಾಲಿನ ಬ್ರೆಡ್ಡು ಹಾರಿ ಮೊದಲ ಬೆಂಚಿನ ಅಡಿಗೆ ಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿ ಮುಗಿಸಬಹುದಿತ್ತು. ಮೊದಲ ಬೆಂಚಿನ ಹುಡುಗಿ ಅದನ್ನು ಹೆಕ್ಕಿ, ಲಂಗಕ್ಕೆ ಒರೆಸಿ, ಎರಡು ಕೈಯಲ್ಲಿ ಹಿಡಿದು, "ಟೀಚರ್, ನಿಮ್ಮ ಚಪ್ಪಲಿ" ಎಂದಳು. ನನ್ನ ಇಪ್ಪತ್ತು ವರ್ಷದ ಶಿಸ್ತು ಆ ಕೈಯಲ್ಲಿತ್ತು.

ಊಟದ ಬಿಡುವಿನಲ್ಲಿ ಹೆಡ್‌ಮಾಷ್ಟ್ರು ಕರೆಸಿದರು. ಅವರು ಎಲ್ಲ ಸುದ್ದಿಯನ್ನೂ ಪ್ರಶ್ನೆಪತ್ರಿಕೆಯ ಹಾಗೆ ಸುಲಭದ್ದರಿಂದ ಶುರು ಮಾಡುವವರು, ಕೇಳಿದ ಮಾತಿಗೆಲ್ಲ 'ಅಂತೆ'ಯ ಬದಲು ನಮ್ಮ ಕಡೆಯ 'ಗಡ' ಸೇರಿಸುವವರು.

"ಟೀಚರೇ, ಬಿದ್ರಿ ಗಡ."

"ಹೌದ್."

"ಪೆಟ್ಟ್ ಆಯ್ತಾ?"

"ಇಲ್ಲೆ."

"ಚಪ್ಲಿ ಇತ್ತ್ ಗಡ."

"ಇತ್ತ್."

ಅಂದು ಸಂಜೆಯೇ ಸಭೆ. ಒಬ್ಬ ಹೆಂಗಸಿನ ಹಿಮ್ಮಡಿಯ ಬಗ್ಗೆ ಹನ್ನೊಂದು ಮಂದಿ ವಿದ್ಯಾವಂತರು ಅಷ್ಟು ಗಂಭೀರವಾಗಿ ಕೂತದ್ದು ನಮ್ಮ ತಾಲೂಕಿನಲ್ಲಿ ಹಿಂದೆಂದೂ ಇರಲಾರದು. ಡಾಕ್ಟರರ ಚೀಟಿಯನ್ನು ಕೈಯಿಂದ ಕೈಗೆ ದಾಟಿಸಿದರು. ಅದು ಯಾರಿಗೂ ಓದಲು ಬರದಿದ್ದುದರಿಂದ ಎಲ್ಲರೂ ನಂಬಿದರು. ಚಪ್ಪಲಿ ಮೆಟ್ಟಿ ಜಗಲಿಯ ತನಕ ಬರಬಹುದು ಎನ್ನುವಲ್ಲಿ ಒಮ್ಮತವಿತ್ತು. ಆಗ ಹಿಂದಿ ಟೀಚರು, ಜಗಲಿ ಒಳಗೋ ಹೊರಗೋ ಎಂಬ ಧರ್ಮಸೂಕ್ಷ್ಮವನ್ನು ಎತ್ತಿದರು. ಮಕ್ಕಳು ಚಪ್ಪಲಿ ಬಿಡುವುದು ಜಗಲಿಯಲ್ಲಿ, ಆದ್ದರಿಂದ ಅದು ಹೊರಗೆ. ಮಕ್ಕಳು ಉಣ್ಣುವುದೂ ಜಗಲಿಯಲ್ಲಿ, ಆದ್ದರಿಂದ ಅದು ಒಳಗೆ. ಮುಕ್ಕಾಲು ಗಂಟೆಯ ಜಿಜ್ಞಾಸೆಯ ನಂತರ ಜಗಲಿ ಎರಡೂ ಹೌದೆಂದು ತೀರ್ಮಾನವಾಯಿತು. ನಾನು ಅಷ್ಟು ಹೊತ್ತೂ ಬರಿಗಾಲಿನಲ್ಲಿದ್ದೆ. ಸಭೆ ನಡೆದದ್ದು ಒಂಬತ್ತನೇ ತರಗತಿಯ ಒಳಗೆ.

ಡ್ರಿಲ್ ಮಾಷ್ಟ್ರು, "ಒಂದ್ ಕುರ್ಚಿ ಹಾಕುವ, ಕೂಕಂಡ್ ಪಾಠ ಮಾಡ್ಲಿ" ಎಂದರು. ಎಂಟು, ಒಂಬತ್ತನೇ ತರಗತಿಗೆ ಕುರ್ಚಿಯಾಯಿತು. ಬಳಿಕ ಹೆಡ್‌ಮಾಷ್ಟ್ರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, ಕಷ್ಟದ ಪ್ರಶ್ನೆಗೆ ಬಂದರು.

"ಹತ್ತಕ್ಕೆ ಕೂಕಂಡ್ ಆತಿಲ್ಲೆ. ಹತ್ತನ್ನ ಹೊಸ ಮಾಷ್ಟ್ರು ನೋಡ್ಕಳ್ಲಿ. ನಿಮ್ಗೂ ರೆಸ್ಟ್ ಆತ್ತ್ ಟೀಚರೇ."

ಆ ಮಕ್ಕಳನ್ನು ಎಂಟನೇ ತರಗತಿಯಿಂದ ನಾನು ಏರಿಸಿಕೊಂಡು ಬಂದಿದ್ದೆ. ಬಂದಾಗ ಋಣಚಿಹ್ನೆ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದರು. ಈಗ ಪ್ರಮೇಯವನ್ನು ಅರ್ಧ ಹೇಳಿದರೆ ಉಳಿದರ್ಧವನ್ನು ತಾವೇ ಹೇಳುತ್ತಿದ್ದರು. ತಪ್ಪು ಹೇಳುತ್ತಿದ್ದರು, ಆದರೆ ಹೇಳುತ್ತಿದ್ದರು. ಪಬ್ಲಿಕ್ ಪರೀಕ್ಷೆಗೆ ಆರೇಳು ತಿಂಗಳಿತ್ತು. ಆ ವರ್ಷವಷ್ಟೇ ಸೇರಿದ್ದ ಗಣಿತದ ಹೊಸ ಮಾಷ್ಟ್ರು ಒಳ್ಳೆಯ ಮನುಷ್ಯ, ಗೈಡು ಓದಿ ಪಾಠ ಮಾಡುವವರು. ಆ ಮಕ್ಕಳನ್ನು ಬಿಟ್ಟುಕೊಟ್ಟರೆ ನನಗೆ ಶಾಲೆಯಲ್ಲಿ ಉಳಿಯುವುದು ಕುರ್ಚಿಯೊಂದೇ ಎಂದು ಕಂಡಿತು.

"ಚಪ್ಲಿಯಂಗ್ ಮಣ್ಣ್ ಇದ್ರಲ್ದಾ ದೋಷ?" ಎಂದೆ. "ನೆಲವನ್ನೇ ಮುಟ್ಟದ ಹೊಸ ಜೊತೆ ಒಂದ್ ತತ್ತೆ. ಹತ್ತನೇ ಕ್ಲಾಸಿನೊಳ್ಗೇ ಇರ್ಲಿ. ಹೊರ್ಗ್ ಹೋಪುದೇ ಇಲ್ಲೆ."

ಹೆಡ್‌ಮಾಷ್ಟ್ರು ಯೋಚಿಸಿದರು. "ದಸರಾ ರಜಿ ತನ್ಕ ಇರ್ಲಿ. ಮತ್ತೆ ಕಾಂಬ." ನಮ್ಮ ಕಡೆ ದೊಡ್ಡವರು 'ಕಾಂಬ', ಅಂದರೆ 'ನೋಡೋಣ', ಎಂದರೆ 'ಇಲ್ಲ' ಎಂದರ್ಥ, ಹೇಳುವುದಕ್ಕೆ ಸ್ವಲ್ಪ ಸಮಯ ಬೇಕು, ಅಷ್ಟೆ.

ಅದೇ ಅಂಗಡಿಯಿಂದ ಅದೇ ಬ್ರೆಡ್ಡಿನ ಇನ್ನೊಂದು ಜೊತೆ ತಂದೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಕೆಳಗಿಡದೆ ಮಗುವಿನ ಹಾಗೆ ಮಡಿಲಲ್ಲಿ ಹಿಡಿದು ಕೂತೆ. ಪಕ್ಕದ ಸೀಟಿನವಳು, "ಸ್ವೀಟಾ?" ಎಂದು ಕೇಳಿದಳು. ಹೆಡ್‌ಮಾಷ್ಟ್ರು ಎರಡರ ಅಡಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮಣ್ಣಿನ ಕಣವಿಲ್ಲವೆಂದು ಖಚಿತ ಮಾಡಿಕೊಂಡು ಒಳಗೆ ಬಿಟ್ಟರು. ಹತ್ತನೇ ತರಗತಿಯ ಕಪಾಟಿನಲ್ಲಿ ಬೋರ್ಡಿನ ಮೇಲೆ ಬರೆಯುವ ಮರದ ಕೈವಾರ, ಕೋನಮಾಪಕ, ದೊಡ್ಡ ಸ್ಕೇಲು, ಡಸ್ಟರುಗಳ ಪಕ್ಕ ಅವಕ್ಕೆ ಜಾಗವಾಯಿತು. ಹೊರಗಿನ ಚಪ್ಪಲಿಯನ್ನು ಜಗಲಿಯಲ್ಲಿ ಕಳಚಿ, ಬರಿಗಾಲಲ್ಲಿ ಹೊಸ್ತಿಲು ದಾಟಿ, ಕಪಾಟಿನ ತನಕ ನಾಲ್ಕು ಹೆಜ್ಜೆ ಹಲ್ಲು ಕಚ್ಚಿ ನಡೆದು, ಒಳಚಪ್ಪಲಿ ಹಾಕಿಕೊಂಡು ಪಾಠ. ಸೀರೆ ಮತ್ತೆ ಎರಡು ಬೆರಳು ಮೇಲೇರಿತು. ಹಿಂದಿ ಟೀಚರ ಸೀರೆ ಕೆಳಗೇ ಉಳಿಯಿತು. ಫ್ಯಾಷನ್ನಿಗೆ ಕಾರಣ ಹೋದದ್ದು ತಿಳಿಯುವುದು ನಿಧಾನ.

ದಸರಾ ರಜೆಯ ಹಿಂದಿನ ದಿನ ಶಾಲೆಯಲ್ಲಿ ಶಾರದಾ ಪೂಜೆ. ಆಯುಧಪೂಜೆಯ ದಿನ ಹೇಗೂ ರಜೆಯೊಳಗೆ ಬರುವುದರಿಂದ ಅದನ್ನೂ ಜೊತೆಯಲ್ಲೇ ಮುಗಿಸುವುದು ವಾಡಿಕೆ. ಆಯಾ ತರಗತಿಯ ಸಾಮಾನನ್ನು ಮಕ್ಕಳೇ ತೊಳೆದು, ಮೇಜಿನ ಮೇಲೆ ಜೋಡಿಸಿ, ಕುಂಕುಮ ಹಚ್ಚಿ ಹೂವಿಡಬೇಕು. ಭಟ್ರು ಮಂತ್ರ ಹೇಳುತ್ತಾ ತರಗತಿಯಿಂದ ತರಗತಿಗೆ ಬರುತ್ತಾರೆ, ಹೆಡ್‌ಮಾಷ್ಟ್ರು ಆರತಿ ಎತ್ತುತ್ತಾರೆ. ಡ್ರಿಲ್ ಮಾಷ್ಟ್ರ ವಾಲಿಬಾಲಿಗೂ ಪ್ರಯೋಗಶಾಲೆಯ ತಕ್ಕಡಿಗೂ ಆಯಿತು. ಹತ್ತನೇ ತರಗತಿಗೆ ನಾವೆಲ್ಲ ಹಿಂಬಾಲಿಸಿ ಹೋದೆವು. ಹೆಡ್‌ಮಾಷ್ಟ್ರು ಕಣ್ಣು ಅರ್ಧ ಮುಚ್ಚಿ ಭಕ್ತಿಯಿಂದ ಮೂರು ಸುತ್ತು ಎತ್ತಿದರು. ಗಂಟೆ ನಿಂತ ಮೇಲೆ ಕಣ್ಣು ಪೂರ್ತಿ ತೆರೆದರು.

ಕೈವಾರಕ್ಕೂ ಕೋನಮಾಪಕಕ್ಕೂ ನಡುವೆ, ತೊಳೆದು ಒರೆಸಿದ ನನ್ನ ಚಪ್ಪಲಿಗಳು ಕೂತಿದ್ದವು. ಎರಡಕ್ಕೂ ಒಂದೊಂದು ಕುಂಕುಮದ ಬೊಟ್ಟು, ಎರಡಕ್ಕೂ ಒಂದೊಂದು ಸೇವಂತಿಗೆ.

"ಇದೆಂತ?"

ಮೊದಲ ಬೆಂಚಿನ ಹುಡುಗಿಯೇ ಉತ್ತರ ಕೊಟ್ಟಳು. "ಗಣಿತದ ಸಾಮಾನ್ ಸರ್. ಕಪಾಟಂಗ್ ಇದ್ದದ್ದೆಲ್ಲ ಇಡಿ ಅಂದ್ರಲ್ದಾ?"

"ಚಪ್ಲಿಗ್ ಪೂಜಿಯಾ?"

"ಅದ್ ಹೊರ್ಗ್ ಹೋಪುದಲ್ಲ ಸರ್. ಅದಿಲ್ದೆ ಇದ್ರೆ ಟೀಚರಿಗೆ ಬೋರ್ಡಂಗೆ ಬರ್ಯುಕ್ ಆತಿಲ್ಲೆ."

ನನಗೆ ಕಟ್ಟೆಯ ಒಳಗೆ ಇಳಿದುಹೋಗೋಣ ಎನಿಸಿತು. ಭಟ್ರಿಗೆ ಇನ್ನೂ ಎರಡು ಶಾಲೆಯ ಪೂಜೆ ಬಾಕಿಯಿತ್ತು. "ಆರತಿ ಆಯ್ತಲೆ ಮಾಷ್ಟ್ರೆ, ಇನ್ನೆಂತ ಮಾತು? ಬಸ್ಸಿನ ಟಯರಿಗೂ ನಾವೇ ಲಿಂಬಿಹುಳಿ ಇಡ್ಸುದ್. ಅದ್ ಎಲ್ಲೆಲ್ಲ್ ತುಳ್ಕಂಡ್ ಬತ್ತ್ ಗೊತ್ತಿತ್ತಾ?" ಎಂದು ತೀರ್ಥದ ಲೋಟ ಎತ್ತಿಕೊಂಡು ಹೊರಟರು. ಹಿಂದಿ ಟೀಚರು ನನ್ನ ಕಿವಿಯ ಹತ್ತಿರ ಬಂದು, ನಿಜವಾದ ಕನಿಕರದಿಂದ, "ಇನ್ನ್ ಅದನ್ ಹ್ಯಾಂಗ್ ಹಾಕಂತ್ರಿ ಟೀಚರೇ? ಪೂಜಿ ಆದ್ದಕ್ಕೆ ಕಾಲ್ ತಾಗ್ಸುಕಾಗ" ಎಂದರು.

ಆ ರಜೆಯಿಡೀ ನನಗೆ ಬೇರೆ ಯೋಚನೆ ಬರಲಿಲ್ಲ. ಇಷ್ಟು ದಿನ ಚಪ್ಪಲಿಯೆಂಬ ಕಾರಣಕ್ಕೆ ಒಳಗೆ ತರಬಾರದಿತ್ತು. ಈಗ ದೇವರೆಂಬ ಕಾರಣಕ್ಕೆ ಮೆಟ್ಟಬಾರದು. ಪಾದರಕ್ಷೆಯೊಂದು ಕೀಳಾಗಿದ್ದಾಗಲೂ ಮೇಲಾದಾಗಲೂ ಕಾಲಿಗೆ ಸಿಗದ ಹಾಗೆ ಮಾಡುವ ಬುದ್ಧಿವಂತಿಕೆ ನಮ್ಮ ಜನಕ್ಕಲ್ಲದೆ ಯಾರಿಗಿದೆ?

ಶಾಲೆ ಶುರುವಾದ ದಿನ ಹೆಡ್‌ಮಾಷ್ಟ್ರು ಕರೆಸಿದರು. ಅವರೂ ಯೋಚಿಸಿದ್ದರು, ಮುಖ್ಯವಾಗಿ ತಮ್ಮ ಬಗ್ಗೆ. ಆ ಜೊತೆಯನ್ನು ಹೊರಗೆ ಹಾಕಿದರೆ, ತಾವು ಮಂತ್ರಸಹಿತ ಆರತಿ ಎತ್ತಿದ್ದು ಚಪ್ಪಲಿಗೆ ಎಂದು ಊರು ಆಡಿಕೊಳ್ಳುತ್ತದೆ. ಒಳಗೇ ಉಳಿದರೆ ಅದು ಸಾಮಾನು. ತಾನು ಚಪ್ಪಲಿಗೆ ಆರತಿ ಎತ್ತಿದೆ ಎಂದು ಒಪ್ಪುವುದಕ್ಕಿಂತ, ಚಪ್ಪಲಿಯೇ ಚಪ್ಪಲಿಯಲ್ಲ ಎಂದು ಒಪ್ಪುವುದು ಅವರಿಗೆ ಸುಲಭವಾಯಿತು.

"ಅದ್ ಪಾಠದ ಸಾಮಾನ್, ಇರ್ಲಿ. ಬಳಸೂದ್ ಬಿಡೂದ್ ನಿಮ್ಗ್ ಬಿಟ್ಟದ್. ಬಳ್ಸಿರೆ ಹತ್ತ್ ನಿಮ್ದೇ. ಕಾಲ್ ಹಾಕುಕ್ ಮನ್ಸ್ ಬತ್ತಿಲ್ಲೆ ಅಂದ್ರೆ ಹೊಸ ಮಾಷ್ಟ್ರು ರೆಡಿ ಇತ್ರ್."

ಹೊಸ ಮಾಷ್ಟ್ರು ಹತ್ತನೇ ತರಗತಿಯ ಜಗಲಿಯಲ್ಲಿ ಗೈಡು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದು ದನಿ ತಗ್ಗಿಸಿದರು. "ಟೀಚರೇ, ಹಾಕಣಿ ಮಾರ್ರೆ. ಈ ಸ್ಪರ್ಶಕದ ಪ್ರಮೇಯ ನಂಗ್ ಸರಿ ಬತ್ತಿಲ್ಲೆ." ಆ ಶಾಲೆಯಲ್ಲಿ ಆ ವರ್ಷ ನಾನು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು.

ಒಳಗೆ ಹೋದೆ. ನಾಲ್ಕು ಹೆಜ್ಜೆ ನಡೆದು ಕಪಾಟು ತೆರೆದೆ. ಸೇವಂತಿಗೆ ಒಣಗಿ ಉದುರಿತ್ತು, ಕುಂಕುಮ ಹಾಗೇ ಇತ್ತು. ಜೊತೆಯನ್ನು ಕೆಳಗಿಟ್ಟೆ. ನಲವತ್ತು ಮಕ್ಕಳು ನೋಡುತ್ತಿದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ತಾವು ಪೂಜಿಸಿದ್ದನ್ನು ಟೀಚರು ಸುಮ್ಮನೆ ತುಳಿಯುತ್ತಾರೋ, ಇಲ್ಲ ಮುಟ್ಟಲಾರದೆ ಬಿಟ್ಟು ಹೋಗುತ್ತಾರೋ. ಇಂಥ ಆಚಾರಗಳನ್ನು ಕಂಡು ತುಟಿ ಸೊಟ್ಟ ಮಾಡಿಯೇ ಅಷ್ಟು ವರ್ಷ ಕಳೆದ ನಾನು ಬಗ್ಗಿದೆ. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಬ್ರಹ್ಮಾವರದ ಬಸ್ಸಿನ ಡ್ರೈವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನಲ್ಲ, ಹಾಗೆ, ನನ್ನದೇ ಚಪ್ಪಲಿಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಬೆನ್ನು ನೆಟ್ಟಗೆ ಮಾಡಿ ಕಾಲು ತೂರಿಸಿದೆ. ಹಿಮ್ಮಡಿ ಮೆತ್ತಗೆ ಕೂತಿತು.

ನಲವತ್ತು ಪುಸ್ತಕಗಳು ಬೆಂಚಿನ ಮೇಲೆ ಬಂದವು. ಪುಸ್ತಕದ ಹಾಳೆ ಮಗುಚುವ ಸದ್ದು ಶುರುವಾಯಿತು. ಕೈವಾರಕ್ಕೆ ಸೀಮೆಸುಣ್ಣ ಸಿಕ್ಕಿಸಿ ಬೋರ್ಡಿನ ಮೇಲೆ ವೃತ್ತ ಎಳೆದೆ, ಹೊರಗೊಂದು ಬಿಂದು ಇಟ್ಟೆ.

"ಇಲ್ಲಿಂದ ವೃತ್ತಕ್ಕೆ ಎಷ್ಟು ಸ್ಪರ್ಶಕ ಎಳೆಯಬಹುದು?"

"ಒಂದು" ಎಂದು ತಪ್ಪು ಹೇಳಿದರು ಅರ್ಧ ಮಂದಿ. ಪೀರಿಯಡ್ ಮುಗಿಯುವ ತನಕ ನಾನು ಕೂರಲಿಲ್ಲ.